ಸಿಹಿನೀರಿನ ಪಫರ್ ಮೀನಿಗೆ ಜಂತುಹುಳ, ಬಿಳಿ ಚುಕ್ಕೆ ಮತ್ತಿತರ ಪರಾವಲಂಬಿ ಕಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೇಳುತ್ತಿರುವುದು ಯಾವ ಪಫರ್ ಬಗ್ಗೆ?

ಮುಖ್ಯವಾಗಿ ಪೀ ಪಫರ್ ಬಗ್ಗೆ. ಪಫರ್ ಅಂದರೆ ಹೆದರಿದಾಗ ಮೈ ಉಬ್ಬಿಸಿಕೊಳ್ಳುವ ಮೀನು. ಬಟಾಣಿ ಕಾಳಿನಂತೆ ಗುಂಡಗಿರುವ, ಹಸಿರು-ಹಳದಿ ಮೈಮೇಲೆ ಕಪ್ಪು ಮಚ್ಚೆಗಳಿರುವ ಪುಟ್ಟ ಮೀನು. ಶಾಸ್ತ್ರೀಯ ಹೆಸರು ಕ್ಯಾರಿನೊಟೆಟ್ರಾಡಾನ್ ಟ್ರಾವಂಕೋರಿಕಸ್. 1941ರಲ್ಲಿ ಮೀನುವಿಜ್ಞಾನಿಗಳಾದ ಹೋರಾ ಮತ್ತು ನಾಯರ್ ಕೇರಳದ ಪಂಪಾ ನದಿಯ ಮೀನನ್ನು ನೋಡಿ ವಿವರಿಸಿದ್ದು. ಕೇರಳ ಮತ್ತು ದಕ್ಷಿಣ ಕರ್ನಾಟಕದ ಪಶ್ಚಿಮ ಘಟ್ಟದ ಹೊಳೆಗಳೇ ಇದರ ತವರು.

ಅಂಗಡಿಯಲ್ಲಿ 'ಗ್ರೀನ್ ಪಫರ್' ಅಂತ ಸಿಹಿನೀರಿನ ಟ್ಯಾಂಕಿನಲ್ಲಿ ಇಟ್ಟು ಮಾರುವ ಗ್ರೀನ್ ಸ್ಪಾಟೆಡ್ ಪಫರ್ ಬೇರೆ ಜಾತಿ. ಅದಕ್ಕೆ ಉಪ್ಪು ಬೆರೆತ ಅಳಿವೆ ನೀರು ಬೇಕು. ಸಿಹಿನೀರಿನಲ್ಲಿ ಅದು ಸೊರಗುತ್ತಿದ್ದರೆ ಹುಳಕ್ಕೆ ಔಷಧಿ ಹಾಕಿ ಪ್ರಯೋಜನವಿಲ್ಲ. ಯಾವ ಮೀನು ಅನ್ನುವುದು ಮೊದಲು ಖಚಿತವಾಗಲಿ.

ಹೊಸದಾಗಿ ತಂದ ಮೀನು ಚುರುಕಾಗಿದೆ. ಆದರೂ ಹುಳ ಇರಬಹುದಾ?

ಇರಬಹುದು. ಮಾರಾಟಕ್ಕೆ ಬರುವ ಪೀ ಪಫರ್‌ಗಳಲ್ಲಿ ಹೆಚ್ಚಿನವು ಹೊಳೆಯಿಂದ ಹಿಡಿದು ತಂದವು. ಹೊಳೆಯಲ್ಲಿ ಅವು ತಿನ್ನುವ ಬಸವನಹುಳು, ಸೈಕ್ಲಾಪ್ಸ್‌ನಂಥ ಸಣ್ಣ ಜಲಚರ, ಹುಳುಗಳ ಮೂಲಕ ಜಂತುಗಳು ಹೊಟ್ಟೆ ಸೇರಿರುತ್ತವೆ. ಹೊಳೆಯಲ್ಲಿ ಒಂದೆರಡು ಹುಳ ಇದ್ದರೂ ಮೀನು ನಿಭಾಯಿಸುತ್ತದೆ. ಹಿಡಿಯುವವನ ಬಲೆ, ಪ್ಲಾಸ್ಟಿಕ್ ಚೀಲ, ಸಗಟು ವ್ಯಾಪಾರಿಯ ಟ್ಯಾಂಕ್, ಅಂಗಡಿ ಎಂದು ವಾರಗಟ್ಟಲೆ ಅರೆಹೊಟ್ಟೆಯಲ್ಲಿ ಅಲೆದ ಮೇಲೆ ಅದೇ ಹುಳ ಭಾರವಾಗುತ್ತದೆ.

ಹಾಗಾಗಿ ಹೊಸ ಮೀನನ್ನು ನಾಲ್ಕು ವಾರ ಬೇರೆ ಟ್ಯಾಂಕಿನಲ್ಲಿಡಿ. 25–30 ಲೀಟರಿನದು ಸಾಕು. ಮರಳು ಹಾಕಬೇಡಿ, ತಳ ಬರಿಯ ಗಾಜಾಗಿರಲಿ. ಹಿಕ್ಕೆ ಕಾಣುತ್ತದೆ, ಬಿದ್ದ ಹುಳವನ್ನು ಪೈಪಿನಿಂದ ಎಳೆದು ಹಾಕಬಹುದು. ಅಡಗಲು ಪಿವಿಸಿ ಪೈಪಿನ ತುಂಡು, ಒಂದಿಷ್ಟು ಪ್ಲಾಸ್ಟಿಕ್ ಗಿಡ, ಈಗಾಗಲೇ ಓಡುತ್ತಿರುವ ಟ್ಯಾಂಕಿನಿಂದ ತೆಗೆದ ಸ್ಪಂಜ್ ಫಿಲ್ಟರ್, ಹೀಟರ್. ಇಷ್ಟೇ.

ಚೆನ್ನಾಗಿ ತಿನ್ನುತ್ತೆ, ಆದರೂ ಹೊಟ್ಟೆ ಒಳಗೆ ಹೋಗಿದೆ. ಇದು ಹುಳವೇನಾ?

ಬಹಳ ಮಟ್ಟಿಗೆ ಹೌದು. ಆದರೆ 'ಚೆನ್ನಾಗಿ ತಿನ್ನುತ್ತೆ' ಅನ್ನುವುದನ್ನು ಮೊದಲು ಪರೀಕ್ಷಿಸಿ. ಆರು ಮೀನಿರುವ ಟ್ಯಾಂಕಿನಲ್ಲಿ ದಬ್ಬಾಳಿಕೆಯ ಗಂಡೊಂದು ಎಲ್ಲರ ಪಾಲನ್ನೂ ತಿನ್ನುತ್ತಿರುತ್ತದೆ. ಮೂಲೆ ಸೇರಿದ ಮೀನಿಗೆ ಸಿಗುವುದು ಎರಡು ಹುಳು. ಸೊರಗಿದ ಮೀನನ್ನು ಬೇರೆ ಮಾಡಿ, ಐದು ದಿನ ಬೆಳಿಗ್ಗೆ-ಸಂಜೆ ಹೊಟ್ಟೆ ತುಂಬ ತಿನ್ನಿಸಿ. ತಿಂದಾಗ ಉಬ್ಬಿದ ಹೊಟ್ಟೆ ಮರುದಿನವೂ ಸ್ವಲ್ಪ ಉಳಿದುಕೊಂಡರೆ ಅದು ಹಸಿವಿನ ಸಮಸ್ಯೆ. ಬೆಳಗಾಗುವಷ್ಟರಲ್ಲಿ ಮತ್ತೆ ಕತ್ತಿಯ ಅಲಗಿನಂತಾದರೆ, ಮೇಲಿನಿಂದ ನೋಡಿದಾಗ ತಲೆ ದೊಡ್ಡದಾಗಿ ಬೆನ್ನು ಚೂಪಾಗಿ ಕಂಡರೆ, ಹುಳ ಅಥವಾ ಕರುಳಿನ ಏಕಕೋಶ ಜೀವಿ ಎಂದು ಹೊರಡಬಹುದು.

ಬಿಳಿ ದಾರದಂಥ ಹಿಕ್ಕೆ ಬಿಟ್ಟಿದೆ. ತಕ್ಷಣ ಔಷಧಿ ಹಾಕಲಾ?

ಬೇಡ. ಒಂದು ದಿನ ಉಪವಾಸವಿದ್ದ ಮೀನೂ ಬಿಳಿ ಲೋಳೆಯ ದಾರ ಬಿಡುತ್ತದೆ, ಅದು ಕರುಳಿನ ಒಳಪದರದ ಲೋಳೆ ಅಷ್ಟೆ. ಕೆಂಪು ಬ್ಲಡ್‌ವರ್ಮ್ (ಮೀನಿಗೆ ಆಹಾರವಾಗಿ ಮಾರುವ ಸಣ್ಣ ಕೆಂಪು ಮರಿಹುಳು) ತಿಂದ ಮರುದಿನವೂ ಬಿಳಿಯಾಗಿಯೇ, ದಿನಗಟ್ಟಲೆ ಹಾಗೆಯೇ ಬರುತ್ತಿದ್ದರೆ ಗಮನಿಸಿ. ಹಿಂಬದಿಯಿಂದ ಕೆಂಪು ನೂಲಿನ ಎಳೆಗಳು ಇಣುಕುತ್ತಿದ್ದು, ಮೀನು ನಿಂತಾಗ ಹೊರಗೆ ಬಂದು ಓಡಾಡಿದಾಗ ಒಳಗೆ ಸೇರಿಕೊಂಡರೆ ಅದು ಕಮಲಾನಸ್ ದುಂಡುಹುಳ. ಅಲ್ಲಿ ಅನುಮಾನಕ್ಕೆ ಜಾಗವಿಲ್ಲ.

ಯಾವುದಕ್ಕೆ ಯಾವ ಔಷಧಿ?

ಜಂತು ಅಂದ ತಕ್ಷಣ ಎಲ್ಲಕ್ಕೂ ಒಂದೇ ಮಾತ್ರೆ ಅಂದುಕೊಳ್ಳುವುದೇ ಹೆಚ್ಚಿನ ಮೀನುಗಳನ್ನು ಕಳೆದುಕೊಳ್ಳಲು ಕಾರಣ. ದುಂಡುಹುಳಕ್ಕೆ ಲೆವಾಮಿಸೋಲ್ ಅಥವಾ ಫೆನ್‌ಬೆಂಡಜೋಲ್. ಲಾಡಿಹುಳಕ್ಕೂ, ಕಿವಿರು ಮತ್ತು ಚರ್ಮಕ್ಕೆ ಅಂಟುವ ಚಪ್ಪಟೆ ಹುಳಕ್ಕೂ ಪ್ರಾಜಿಕ್ವಾಂಟೆಲ್. ಕರುಳಿನಲ್ಲಿರುವ ಹೆಕ್ಸಾಮಿಟ, ಸ್ಪೈರೊನ್ಯೂಕ್ಲಿಯಸ್‌ನಂಥ ಏಕಕೋಶ ಜೀವಿಗೆ ಮೆಟ್ರೊನಿಡಜೋಲ್. ಮೆಟ್ರೊನಿಡಜೋಲ್ ಹುಳವನ್ನು ಮುಟ್ಟುವುದಿಲ್ಲ. ಲೆವಾಮಿಸೋಲ್ ಲಾಡಿಹುಳವನ್ನು ಕೊಲ್ಲುವುದಿಲ್ಲ. ಬಿಳಿ ಚುಕ್ಕೆಗೆ ಇವು ಯಾವುವೂ ಅಲ್ಲ, ಅದರ ಕಥೆ ಕೆಳಗಿದೆ.

ಟ್ಯಾಂಕಿನಲ್ಲಿ ಎಷ್ಟು ನೀರಿದೆ ಅಂತ ಲೆಕ್ಕ ಹಾಕುವುದು ಹೇಗೆ?

ಅಂಗಡಿಯವರು ಹೇಳಿದ ಲೀಟರ್ ಬಿಟ್ಟುಬಿಡಿ. ಉದಾಹರಣೆಗೆ 45 × 30 × 30 ಸೆಂ.ಮೀ. ಟ್ಯಾಂಕ್. ಗುಣಿಸಿ 1000ದಿಂದ ಭಾಗಿಸಿದರೆ 40 ಲೀಟರಿಗೂ ತುಸು ಹೆಚ್ಚು ಬರುತ್ತದೆ. ಆದರೆ ಗಾಜಿನ ದಪ್ಪ ಕಳೆದರೆ ಒಳಗಿರುವುದು 44 × 29. ಮರಳಿನ ಮೇಲಿನಿಂದ ನೀರಿನ ಮಟ್ಟದವರೆಗೆ ಅಳೆದರೆ 24 ಸೆಂ.ಮೀ. ಅಂದರೆ ನಿಜಕ್ಕೂ ಇರುವುದು 30.6 ಲೀಟರ್. ನಲವತ್ತಕ್ಕೆ ಲೆಕ್ಕ ಹಾಕಿ ಸುರಿದರೆ ಮೂರನೇ ಒಂದು ಪಾಲು ಹೆಚ್ಚು ಔಷಧಿ ಹೋಯಿತು. ಬರಿಗಾಜಿನ ಚಿಕಿತ್ಸೆ ಟ್ಯಾಂಕಾದರೆ ಇನ್ನೂ ಸುಲಭ: ಲೀಟರ್ ಬಾಟಲಿಯಲ್ಲಿ ಎಣಿಸಿಕೊಂಡೇ ನೀರು ತುಂಬಿ, ಹೊರಗಡೆ ಪೆನ್ನಿನಲ್ಲಿ ಗೆರೆ ಎಳೆಯಿರಿ.

ಲೆವಾಮಿಸೋಲ್ ಹಾಕುವ ಕ್ರಮ ಹೇಳಿ.

ಬೇಕಾದ್ದು ಲೆವಾಮಿಸೋಲ್ ಹೈಡ್ರೋಕ್ಲೋರೈಡ್, ಲೀಟರಿಗೆ 2 ಮಿ.ಗ್ರಾಂ. ದನ, ಕುರಿ, ಕೋಳಿಗೆ ಕೊಡುವ ಜಂತುಹುಳದ ಪುಡಿಯಾಗಿ ಪಶು ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ. ಲೇಬಲ್ಲಿನಲ್ಲಿ ಶೇಕಡಾವಾರು ಓದಿ. 30% ಎಂದಿದ್ದರೆ 1 ಗ್ರಾಂ ಪುಡಿಯಲ್ಲಿ ಔಷಧಿ 300 ಮಿ.ಗ್ರಾಂ. ಬೇರೆ ಔಷಧಿ ಬೆರೆಸಿದ ಮಿಶ್ರಣವಾದರೆ ಹಿಂದಿರುಗಿಸಿ.

ಮೊದಲು ದ್ರಾವಣ ಮಾಡಿಟ್ಟುಕೊಳ್ಳಿ. 200 ಮಿ.ಗ್ರಾಂ ಔಷಧಿಯನ್ನು, ಅಂದರೆ 30% ಪುಡಿಯಾದರೆ 0.67 ಗ್ರಾಮನ್ನು, 100 ಮಿ.ಲೀ. ಆರ್‌ಓ ನೀರಿನಲ್ಲಿ ಕರಗಿಸಿದರೆ ಪ್ರತಿ ಮಿ.ಲೀ.ಯಲ್ಲಿ 2 ಮಿ.ಗ್ರಾಂ ಇರುತ್ತದೆ. ಇನ್ನು ಲೆಕ್ಕವೇ ಬೇಡ, ಒಂದು ಲೀಟರ್ ಟ್ಯಾಂಕಿಗೆ ಒಂದು ಮಿ.ಲೀ. 30 ಲೀಟರಿಗೆ 30 ಮಿ.ಲೀ., ಸೂಜಿ ಇಲ್ಲದ ಸಿರಿಂಜಿನಲ್ಲಿ ಅಳೆದು ಹಾಕಿ.

ಹಾಕುವ ಮುನ್ನ ಅರ್ಧ ನೀರು ಬದಲಿಸಿ, ತಳದ ಕಸವನ್ನೆಲ್ಲ ಎಳೆದುಬಿಡಿ. ಕೊಳೆತ ಕಸ ಔಷಧಿಯನ್ನು ಹೀರಿಕೊಳ್ಳುತ್ತದೆ. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆಯಿರಿ, ಯುವಿ ದೀಪವಿದ್ದರೆ ಆರಿಸಿ. ಬೆಳಕಿಗೆ ಲೆವಾಮಿಸೋಲ್ ಹಾಳಾಗುತ್ತದೆ, ಆದ್ದರಿಂದ ಟ್ಯಾಂಕಿನ ದೀಪ ಆರಿಸಿ ಕಪ್ಪು ಬಟ್ಟೆಯನ್ನೋ ಎರಡು ಪದರ ದಿನಪತ್ರಿಕೆಯನ್ನೋ ಸುತ್ತಲೂ ಹೊದಿಸಿ. ಏರ್ ಪಂಪ್ ಜೋರಾಗಿಯೇ ಓಡಲಿ. 24 ಗಂಟೆ ಹಾಗೆಯೇ ಬಿಡಿ.

ಮರುದಿನದ ಕೆಲಸವೇ ಮುಖ್ಯ. ಲೆವಾಮಿಸೋಲ್ ಹುಳಕ್ಕೆ ಲಕ್ವ ಹೊಡೆಸುತ್ತದೆ, ಹಿಡಿತ ತಪ್ಪಿದ ಹುಳವನ್ನು ಮೀನು ಹೊರಹಾಕುತ್ತದೆ. ಕೆಳಗೆ ಬಿದ್ದ ಹುಳ ಸತ್ತಿರಬೇಕೆಂದೇನಿಲ್ಲ, ಕಮಲಾನಸ್ ಹೆಣ್ಣಿನ ಹೊಟ್ಟೆಯಲ್ಲಿ ಜೀವಂತ ಮರಿಗಳೂ ಇರುತ್ತವೆ. ಹಸಿವಿನ ಪಫರ್ ಅದನ್ನೇ ಹೆಕ್ಕಿ ತಿಂದರೆ ಪಟ್ಟ ಪಾಡೆಲ್ಲ ನೀರಿಗೆ ಹೋಯಿತು. ಬಟ್ಟೆ ತೆಗೆದ ಕೂಡಲೇ ತಳವನ್ನು ಮೂಲೆಮೂಲೆ ಬಿಡದೆ ಎಳೆದು, 70–80% ನೀರು ಬದಲಿಸಿ. ಆಮೇಲೆ ಆಹಾರ.

ಒಂದು ಸಲ ಹಾಕಿದ್ದಕ್ಕೇ ಮೀನು ಹುಷಾರಾಯಿತು. ಎರಡನೇ ಡೋಸ್ ಬೇಕೇ ಬೇಕಾ?

ಬೇಕೇ ಬೇಕು. ಔಷಧಿ ಬೆಳೆದ ಹುಳದ ಮೇಲೆ ಕೆಲಸ ಮಾಡುತ್ತದೆ. ಮೊಟ್ಟೆ ಮತ್ತು ನೀರಿನಲ್ಲಿರುವ ಮರಿಗಳು ಪಾರಾಗುತ್ತವೆ. ಕಮಲಾನಸ್‌ನ ಒಂದು ಜಾತಿ ಮಧ್ಯೆ ಸೈಕ್ಲಾಪ್ಸ್ ಇಲ್ಲದೆಯೂ ಮೀನಿನಿಂದ ಮೀನಿಗೆ ನೇರವಾಗಿ ದಾಟುತ್ತದೆ. ಉಳಿದ ಮರಿಗಳು ಮೀನಿನೊಳಗೆ ಸೇರಿ, ತಾವು ಮರಿ ಹಾಕುವಷ್ಟು ಬೆಳೆಯುವ ಮುಂಚೆ ಹಿಡಿಯಬೇಕು. ಅದಕ್ಕೇ 2ರಿಂದ 3 ವಾರದ ಅಂತರ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. 'ಔಷಧಿ ಕೆಲಸ ಮಾಡಲಿಲ್ಲ' ಅನ್ನುವ ದೂರುಗಳ ಹಿಂದೆ ಬಹಳ ಸಲ ಮರೆತ ಎರಡನೇ ಡೋಸ್ ಇರುತ್ತದೆ. ಅದೇ ನೀರಿನಲ್ಲಿದ್ದ ಎಲ್ಲ ಮೀನಿಗೂ ಚಿಕಿತ್ಸೆ ಆಗಬೇಕು, ಸೊರಗಿದ್ದಕ್ಕೆ ಮಾತ್ರ ಅಲ್ಲ.

ಪ್ರಾಜಿಕ್ವಾಂಟೆಲ್ 600 ಮಿ.ಗ್ರಾಂ ಮಾತ್ರೆ ಸಿಕ್ಕಿದೆ. ಅಷ್ಟು ಸಣ್ಣ ಪಾಲು ಹೇಗೆ ತೆಗೆಯುವುದು?

ಲೀಟರಿಗೆ 2.5 ಮಿ.ಗ್ರಾಂ ಲೆಕ್ಕದಲ್ಲಿ 30 ಲೀಟರಿಗೆ 75 ಮಿ.ಗ್ರಾಂ ಬೇಕು. ಮಾತ್ರೆಯಲ್ಲಿ ಔಷಧಿಯ ಜೊತೆ ಹಿಟ್ಟಿನಂಥ ಪದಾರ್ಥವೂ ಇರುವುದರಿಂದ 600 ಮಿ.ಗ್ರಾಂ ಮಾತ್ರೆಯ ತೂಕ 600 ಮಿ.ಗ್ರಾಂ ಅಲ್ಲ. 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ಇಡೀ ಮಾತ್ರೆ ತೂಗಿ. 0.80 ಗ್ರಾಂ ಬಂತು ಅನ್ನಿ. ಮಾತ್ರೆಯನ್ನು ಕುಟ್ಟಾಣಿಯಲ್ಲಿ ನುಣ್ಣಗೆ ಅರೆದು, ಅದರ ಎಂಟನೇ ಒಂದು ಪಾಲು, ಅಂದರೆ 0.10 ಗ್ರಾಂ ಪುಡಿ ತೆಗೆದರೆ 75 ಮಿ.ಗ್ರಾಂ ಔಷಧಿ ಸಿಕ್ಕಿತು. ಆ ಕುಟ್ಟಾಣಿ ಮತ್ತೆ ಅಡುಗೆಮನೆಗೆ ಹೋಗಬಾರದು.

ಇದು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಪುಡಿಯನ್ನು ಮುಚ್ಚಳವಿರುವ ಬಾಟಲಿಯಲ್ಲಿ ಟ್ಯಾಂಕಿನ ನೀರಿನೊಂದಿಗೆ ಚೆನ್ನಾಗಿ ಕುಲುಕಿ, ಫಿಲ್ಟರಿನ ನೀರು ಹೊರಬರುವ ಕಡೆ ಸುರಿಯಿರಿ. ತಳದಲ್ಲಿ ಉಳಿದ ಬಿಳಿ ಪುಡಿಗೆ ಮತ್ತೆ ನೀರು ಹಾಕಿ ಕುಲುಕಿ. ಐದು ದಿನ ನೀರು ಬದಲಿಸಬೇಡಿ, ಅಮೋನಿಯಾ (ಹಿಕ್ಕೆ, ಉಳಿದ ಆಹಾರದಿಂದ ನೀರಿಗೆ ಸೇರುವ ವಿಷ) ಏರಿದರೆ ಮಾತ್ರ ಬದಲಿಸಿ. ಲಾಡಿಹುಳಕ್ಕೆ ಎರಡು ವಾರದ ಮೇಲೆ ಇನ್ನೊಮ್ಮೆ. ಕಿವಿರಿನ ಚಪ್ಪಟೆ ಹುಳಗಳಲ್ಲಿ ಮೊಟ್ಟೆ ಇಡುವ ಜಾತಿಗಳಿದ್ದು ಮೊಟ್ಟೆಗೆ ಔಷಧಿ ತಾಗುವುದಿಲ್ಲ, ಅದಕ್ಕೆ ವಾರಕ್ಕೊಂದರಂತೆ ಮೂರು ಡೋಸ್.

ಚಪ್ಪಟೆ ಹುಳದ ಲಕ್ಷಣ: ಮೈಯನ್ನು ಕಲ್ಲಿಗೆ ಉಜ್ಜುವುದು, ಒಂದೇ ಕಡೆಯ ಕಿವಿರಿನಿಂದ ಉಸಿರಾಡುವುದು, ಉಸಿರಿನ ವೇಗ. ಅಮೋನಿಯಾ ಹೆಚ್ಚಾದರೂ ಹೆಚ್ಚುಕಡಿಮೆ ಹೀಗೆಯೇ ಆಡುತ್ತವೆ. ಟೆಸ್ಟ್ ಕಿಟ್ ಮೊದಲು, ಮಾತ್ರೆ ಆಮೇಲೆ.

ಮೆಟ್ರೊನಿಡಜೋಲ್ ನೀರಿಗೆ ಹಾಕಬೇಕಾ, ಆಹಾರಕ್ಕಾ?

ಮೀನು ತಿನ್ನುತ್ತಿದ್ದರೆ ಆಹಾರಕ್ಕೆ. ರೋಗ ಇರುವುದು ಕರುಳಿನಲ್ಲಿ. ತಿನ್ನುವುದನ್ನೇ ನಿಲ್ಲಿಸಿದ್ದರೆ ನೀರಿಗೆ, ಲೀಟರಿಗೆ 6.6 ಮಿ.ಗ್ರಾಂ. ಲೆಕ್ಕ ಸುಲಭವಾಗಿ ಕೂಡಿಬರುತ್ತದೆ: 200 ಮಿ.ಗ್ರಾಂ ಮಾತ್ರೆ ಒಂದು, ನೀರು 30 ಲೀಟರ್. ಮಾತ್ರೆ ಪುಡಿ ಮಾಡಿ ಒಂದು ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ಕಲಕಿ, ತೆಳು ಬಟ್ಟೆಯಲ್ಲಿ ಸೋಸಿ ಹಾಕಿ. ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ ಮತ್ತೆ ಹಾಕುತ್ತ ಐದು ದಿನ. ಇದು ವೈದ್ಯರ ಚೀಟಿ ಬೇಕಾದ ಔಷಧಿ, ಪಶುವೈದ್ಯರಿಂದ ಬರೆಸಿಕೊಳ್ಳಿ. ಮಕ್ಕಳ ಸಿರಪ್ ಬೇಡ, ಅದರಲ್ಲಿರುವ ಸಕ್ಕರೆ ನೀರು ಕೆಡಿಸುತ್ತದೆ.

ಔಷಧಿ ಬೆರೆಸಿದ್ದನ್ನು ಬಾಯಿಗೆ ಹಾಕಿ ಉಗುಳುತ್ತೆ. ಪೆಲೆಟ್ ಅಂತೂ ಮೂಸುವುದೂ ಇಲ್ಲ.

ಮೆಟ್ರೊನಿಡಜೋಲ್ ಕಹಿ, ಪಫರ್ ನಾಜೂಕು. ಬ್ಲಡ್‌ವರ್ಮ್ ಅನ್ನು ಔಷಧಿ ನೀರಿನಲ್ಲಿ ನೆನೆಸಿಟ್ಟರೆ ಟ್ಯಾಂಕಿಗೆ ಹಾಕಿದ ಕ್ಷಣವೇ ತೊಳೆದುಹೋಗುತ್ತದೆ. ಚೈನಾ ಗ್ರಾಸ್‌ನಲ್ಲಿ ಕಟ್ಟುವುದು ಉತ್ತಮ.

1 ಗ್ರಾಂ ಚೈನಾ ಗ್ರಾಸ್ ಪುಡಿಯನ್ನು 50 ಮಿ.ಲೀ. ನೀರಿನಲ್ಲಿ ಪೂರ್ತಿ ಕರಗುವವರೆಗೆ ಕುದಿಸಿ. ಅದು ಆರುತ್ತಿರುವಾಗ ಫ್ರೋಜನ್ ಬ್ಲಡ್‌ವರ್ಮ್ ಕರಗಿಸಿ, ಟೀ ಸೋಸುವ ಜರಡಿಯಲ್ಲಿ ನೀರು ಬಸಿದು, 4 ಗ್ರಾಂ ತೂಗಿ, ಚಾಕುವಿನಿಂದ ಒಮ್ಮೆ ಕೊಚ್ಚಿ. 20 ಮಿ.ಗ್ರಾಂ ಮೆಟ್ರೊನಿಡಜೋಲ್ (200 ಮಿ.ಗ್ರಾಂ ಮಾತ್ರೆಯ ಪುಡಿಯಲ್ಲಿ ಹತ್ತನೇ ಒಂದು ಪಾಲು) ಉದುರಿಸಿ ಕಲಸಿ. ಒಂದು ಹನಿ ಬೆಳ್ಳುಳ್ಳಿ ರಸ ಹಾಕಿದರೆ ಕಹಿ ಸ್ವಲ್ಪ ಮರೆಯಾಗುತ್ತದೆ. ಚೈನಾ ಗ್ರಾಸ್ ಬೆರಳಿಗೆ ತಡೆಯುವಷ್ಟು ಬಿಸಿಗೆ ಇಳಿದಾಗ, ಗಟ್ಟಿಯಾಗುವ ಮೊದಲೇ, 4 ಮಿ.ಲೀ. ತೆಗೆದು ಸೇರಿಸಿ ಬೇಗ ಕಲಸಿ ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳ್ಳಗೆ ಹರಡಿ. ಗಟ್ಟಿಯಾದ ಮೇಲೆ ಸಾಸಿವೆ ಕಾಳಿನಷ್ಟು ಚೂರು ಮಾಡಿ ಫ್ರೀಜರಿನಲ್ಲಿಡಿ. ಡಬ್ಬಿಯ ಮೇಲೆ ಏನೆಂದು ದೊಡ್ಡದಾಗಿ ಬರೆಯಿರಿ, ಮನೆಯಲ್ಲಿ ಬೇರೆಯವರೂ ಇರುತ್ತಾರೆ.

ತಿನ್ನಿಸುವಾಗ ಚೂರನ್ನು ಚಿಮಟದಲ್ಲಿ ಹಿಡಿದು ನೀರಿನಲ್ಲಿ ಸಣ್ಣಗೆ ಅಲ್ಲಾಡಿಸಿ. ಪಫರ್ ಬೇಟೆಗಾರ, ಅಲ್ಲಾಡದ್ದು ಅದರ ಲೆಕ್ಕದಲ್ಲಿ ಆಹಾರವಲ್ಲ. ಮೊದಲ ದಿನ ಔಷಧಿ ಇಲ್ಲದ ಚೂರು ಕೊಟ್ಟು ರೂಢಿ ಮಾಡಿಸಿ, ಆಮೇಲೆ ಔಷಧಿಯದ್ದು, ದಿನಕ್ಕೊಮ್ಮೆ ಐದು ದಿನ. ಫೆನ್‌ಬೆಂಡಜೋಲ್ ಕೊಡುವುದಾದರೂ ಇದೇ ಪಾಕ, ಇದೇ 20 ಮಿ.ಗ್ರಾಂ. ಅದನ್ನು ಮೂರು ದಿನ ಕೊಟ್ಟು, 14 ದಿನದ ನಂತರ ಮತ್ತೆ ಮೂರು ದಿನ. ನಾಯಿಗೆ ಕೊಡುವ ಮಾತ್ರೆ ತರುವಾಗ ಪಟ್ಟಿಯ ಹಿಂಬದಿ ಓದಿ, ಬಹಳಷ್ಟು ಎರಡು ಮೂರು ಔಷಧಿಗಳ ಮಿಶ್ರಣ.

ಯಾವ ಹುಳ ಗೊತ್ತಿಲ್ಲ. ಮೂರೂ ಔಷಧಿ ಒಟ್ಟಿಗೆ ಹಾಕಿಬಿಡಲಾ?

ಬೇಡ. ಮೀನು ಬಳಲಿದರೆ ಯಾವುದರಿಂದ ಅಂತ ತಿಳಿಯದು, ಗುಣವಾದರೂ ತಿಳಿಯದು. ಕುರುಡಾಗಿ ಚಿಕಿತ್ಸೆ ಮಾಡಲೇಬೇಕಾದರೆ ಲೆವಾಮಿಸೋಲ್‌ನಿಂದ ಶುರು ಮಾಡಿ, ಐದಾರು ದಿನ ಬಿಟ್ಟು ಪ್ರಾಜಿಕ್ವಾಂಟೆಲ್. ಹಿಕ್ಕೆ ಇನ್ನೂ ಬಿಳಿಯಾಗಿದ್ದರೆ ಆಹಾರದಲ್ಲಿ ಮೆಟ್ರೊನಿಡಜೋಲ್.

ಹಿಕ್ಕೆ ಪರೀಕ್ಷೆ ಮಾಡಿಸಬಹುದಾ?

ಮಾಡಿಸಬಹುದು, ಊಹೆಗಿಂತ ಅದೇ ಒಳ್ಳೆಯದು. ಬಿಟ್ಟು ಕೆಲವೇ ನಿಮಿಷವಾದ ಹಿಕ್ಕೆಯನ್ನು ಪಿಪೆಟ್‌ನಲ್ಲಿ ಹೀರಿ, ಟ್ಯಾಂಕ್ ನೀರಿನ ಹನಿಯೊಂದಿಗೆ ಗಾಜಿನ ಸ್ಲೈಡ್ ಮೇಲಿಟ್ಟು ಕವರ್ ಸ್ಲಿಪ್ ಮುಚ್ಚಿ. 100 ಪಟ್ಟು ಹಿಗ್ಗಿಸಿದಾಗ ಎರಡೂ ತುದಿಗೆ ಬಿರಡೆ ಹಾಕಿದ ಪೀಪಾಯಿಯಂಥ ಮೊಟ್ಟೆ ಕಂಡರೆ ಕ್ಯಾಪಿಲೇರಿಯ ದುಂಡುಹುಳ. 400 ಪಟ್ಟಿನಲ್ಲಿ ಅತ್ತಿಂದಿತ್ತ ಸರ್ರನೆ ಓಡುವ ಚುಕ್ಕೆಗಳಾದರೆ ಹೆಕ್ಸಾಮಿಟ ಬಳಗ. ಹಳೆಯ ಹಿಕ್ಕೆಯಲ್ಲಿ ಬೇರೆ ನಿರುಪದ್ರವಿ ಜೀವಿಗಳೂ ಸೇರಿಕೊಂಡು ದಾರಿ ತಪ್ಪಿಸುತ್ತವೆ. ಶಾಲೆ-ಕಾಲೇಜಿನ ಸಾಧಾರಣ ಸೂಕ್ಷ್ಮದರ್ಶಕ ಸಾಕು. ಮಂಗಳೂರಿನ ಮೀನುಗಾರಿಕೆ ಕಾಲೇಜಿನಂಥ ಕಡೆ ವಿಷಯ ತಿಳಿದವರಿದ್ದಾರೆ, ಹೋಗುವ ಮುನ್ನ ಫೋನ್ ಮಾಡಿ ಕೇಳಿ.

ಮೈಮೇಲೆ ರವೆ ಉದುರಿದಂತೆ ಬಿಳಿ ಚುಕ್ಕೆಗಳು. ಏನು ಮಾಡಲಿ?

ಇದು ಇಕ್. ಚುಕ್ಕೆಯೊಳಗಿನ ಜೀವಿ ಚರ್ಮದಡಿ ಇರುವಾಗ ಔಷಧಿ ತಾಗುವುದಿಲ್ಲ. ಅದು ಉದುರಿ ತಳದಲ್ಲಿ ಅಂಟಿಕೊಂಡು ಒಡೆದು ನೂರಾರು ಮರಿ ಬಿಡುತ್ತದಲ್ಲ, ಆ ಮರಿಗಳು ಮೀನು ಹುಡುಕಿ ಈಜುವಾಗ ಮಾತ್ರ ಸಾಯುತ್ತವೆ. ಚುಕ್ಕೆ ಮಾಯವಾದ ದಿನ ಚಿಕಿತ್ಸೆ ನಿಲ್ಲಿಸುವವರಿಗೆ ವಾರದಲ್ಲಿ ದುಪ್ಪಟ್ಟು ಚುಕ್ಕೆ ಕಾಣುವುದು ಇದಕ್ಕೇ.

ಪಫರ್‌ಗೆ ಬಿಸಿಯೇ ಮೊದಲ ಆಯ್ಕೆ. ಕೆಲವು ಗಂಟೆಗೆ 1 ಡಿಗ್ರಿಯಂತೆ 30 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿಸಿ, 10ರಿಂದ 14 ದಿನ ಹಿಡಿದಿಡಿ. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಇನ್ನೊಂದು ಏರ್ ಸ್ಟೋನ್ ಹಾಕಿ. ಜೊತೆಗೆ ಅಯೋಡಿನ್ ಇಲ್ಲದ ಕಲ್ಲುಪ್ಪು, ಲೀಟರಿಗೆ 2 ಗ್ರಾಂ, ಒಂದು ದಿನದಲ್ಲಿ ಮೂರು ಕಂತಾಗಿ ಕರಗಿಸಿ ಹಾಕಿ. ನೀರು ಬದಲಿಸಿದಾಗ ತೆಗೆದಷ್ಟು ನೀರಿಗೆ ಮಾತ್ರ ಉಪ್ಪು ಸೇರಿಸಿ. ಗಿಡಗಳಿಗೆ ಈ ಉಪ್ಪು ಒಗ್ಗುವುದಿಲ್ಲ. ಕೆಲವು ತಳಿಯ ಇಕ್ 30 ಡಿಗ್ರಿಯಲ್ಲೂ ಉಳಿಯುತ್ತದೆ, ಐದು ದಿನದ ಮೇಲೂ ಹೊಸ ಚುಕ್ಕೆ ಬರುತ್ತಿದ್ದರೆ ಔಷಧಿ ಯೋಚಿಸಿ.

ಅಂದ ಹಾಗೆ, ಉಬ್ಬಿದ ಪಫರ್‌ನ ಹೊಟ್ಟೆಯ ಮೇಲೆ ಕಾಣುವ ನವಿರು ಮುಳ್ಳುಗಳನ್ನು ಇಕ್ ಎಂದು ತಿಳಿದು ಔಷಧಿ ಸುರಿದವರಿದ್ದಾರೆ.

ಚುಕ್ಕೆಯಲ್ಲ, ಟಾರ್ಚ್ ಹಾಕಿದರೆ ಚಿನ್ನದ ಪುಡಿಯಂತೆ ಮಿನುಗುತ್ತದೆ.

ವೆಲ್ವೆಟ್. ಇಕ್‌ಗಿಂತ ವೇಗವಾಗಿ ಕೊಲ್ಲುತ್ತದೆ. ಈ ಪರಾವಲಂಬಿಗೆ ಬೆಳಕಿನಿಂದಲೂ ಆಹಾರ ಸಿಗುತ್ತದೆ, ಹಾಗಾಗಿ ಬಿಸಿ ಮತ್ತು ಉಪ್ಪಿನ ಜೊತೆ ಟ್ಯಾಂಕನ್ನು ಪೂರ್ತಿ ಕತ್ತಲು ಮಾಡಿ.

ಅಂಗಡಿಯಲ್ಲಿ ಕೊಟ್ಟ ನೀಲಿ-ಹಸಿರು ಔಷಧಿ ಹಾಕಬಹುದಾ?

ಅದರಲ್ಲಿರುವುದು ಸಾಮಾನ್ಯವಾಗಿ ಮಲಕೈಟ್ ಗ್ರೀನ್, ಫಾರ್ಮಲಿನ್ ಅಥವಾ ತಾಮ್ರ. ಪಫರ್‌ಗೆ ಬೇರೆ ಮೀನುಗಳಂತೆ ಮಾಮೂಲಿ ಹುರುಪೆ (ಸ್ಕೇಲ್) ಇಲ್ಲ, ಔಷಧಿ ನೇರ ಚರ್ಮಕ್ಕೆ ತಾಗುತ್ತದೆ. ತಾಮ್ರ ಬೇಡವೇ ಬೇಡ, ಅದು ಬಸವನಹುಳುವನ್ನೂ ಕೊಲ್ಲುತ್ತದೆ. ಬಿಸಿ ಸೋತಾಗ ಮಲಕೈಟ್-ಫಾರ್ಮಲಿನ್ ಹಾಕುವುದಾದರೆ ಮೊದಲು ನೀರನ್ನು ಮಾಮೂಲಿ ಬಿಸಿಗೆ ಇಳಿಸಿ. ಫಾರ್ಮಲಿನ್ ಕೂಡ ಆಮ್ಲಜನಕ ಕಸಿಯುತ್ತದೆ. ಲೇಬಲ್ ಹೇಳಿದ್ದರ ಅರ್ಧದಿಂದ ಆರಂಭಿಸಿ, ಪಕ್ಕದಲ್ಲಿ ಕ್ಲೋರಿನ್ ತೆಗೆದ ನೀರಿನ ಬಕೆಟ್ ಸಿದ್ಧವಿರಲಿ. ಲೇಬಲ್ ಇಲ್ಲದ ಸೀಸೆಯಾದರೆ ಸಿಂಕಿಗೂ ಬೇಡ, ಅಂಗಡಿಗೇ ವಾಪಸ್.

ಐವರ್‌ಮೆಕ್ಟಿನ್?

ಬೇಡ. ಮೀನಿನಲ್ಲಿ ಗುಣ ಮಾಡುವ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ಅಂತರ ತೀರ ಕಡಿಮೆ.

ಬೇವು, ಅರಿಶಿನ, ಬೆಳ್ಳುಳ್ಳಿ?

ಬೆಳ್ಳುಳ್ಳಿ ರುಚಿಗೆ ಸರಿ, ಹುಳಕ್ಕೆ ನೆಚ್ಚಿಕೊಳ್ಳಬೇಡಿ. ಬೇವಿನೆಣ್ಣೆ ಮೀನಿಗೇ ವಿಷ. ಅರಿಶಿನ ನೀರನ್ನು ಹಳದಿ ಮಾಡುತ್ತದೆ.

ಹುಳ ಮತ್ತೆ ಮತ್ತೆ ಬರುತ್ತಿದೆ. ಎಲ್ಲಿಂದ?

ಊಟದಿಂದ. ಕೆರೆಯ ಬಸವನಹುಳು ಇನ್ನೊಂದು ಬಗೆಯ (ಕಿವಿರಿನದಲ್ಲದ) ಚಪ್ಪಟೆ ಹುಳದ ಮರಿಗಳನ್ನು ಹೊತ್ತಿರುತ್ತದೆ, ಚರಂಡಿಯ ಕೆಸರಿನ ಸಣ್ಣ ಕೆಂಪು ಹುಳು ಟ್ಯೂಬಿಫೆಕ್ಸ್ ಕೆಲವು ಲಾಡಿಹುಳಗಳಿಗೆ ಆಶ್ರಯ, ಕೆರೆ ನೀರಿನೊಂದಿಗೆ ಬರುವ ಸೈಕ್ಲಾಪ್ಸ್ ದುಂಡುಹುಳಕ್ಕೂ ಲಾಡಿಹುಳಕ್ಕೂ. ಹಾಗಂತ ಬಸವನಹುಳು ಕೊಡುವುದನ್ನೇ ಬಿಡಬೇಕಿಲ್ಲ. ಮೀನಿಲ್ಲದ ಒಂದು ಡಬ್ಬದಲ್ಲಿ ಮನೆಯಲ್ಲೇ ಸಾಕಿ, ಕೆಲವು ತಲೆಮಾರು ಕಳೆದವನ್ನು ಕೊಡಿ. ಸೊಳ್ಳೆ ಮರಿ ಬೇಕಿದ್ದರೆ ತಾರಸಿಯ ಬಕೆಟ್‌ನದ್ದು ಕೆರೆಯದ್ದಕ್ಕಿಂತ ಮೇಲು, ಅವು ಸೊಳ್ಳೆಯಾಗುವ ಮುಂಚೆ ಬಕೆಟ್ ಖಾಲಿ ಮಾಡಿ. ಎರಡು ಟ್ಯಾಂಕಿಗೆ ಒಂದೇ ಪೈಪು ಬಳಸುವುದೂ ಹುಳಕ್ಕೆ ಸೇತುವೆ ಕಟ್ಟಿದಂತೆ.

ಚಿಕಿತ್ಸೆ ಟ್ಯಾಂಕಿಗೆ ಬದಲಿಸುವಾಗ ಬಲೆಯಲ್ಲಿ ಹಿಡಿಯಬಹುದಾ?

ಲೋಟ ಬಳಸಿ. ನೀರಿನಡಿಯಲ್ಲೇ ಲೋಟದೊಳಕ್ಕೆ ಸರಿಸಿ ನೀರಿನ ಸಮೇತ ಎತ್ತಿ. ನೀರಿನ ಹೊರಗೆ ಹೆದರಿ ಉಬ್ಬಿದರೆ ಗಾಳಿ ನುಂಗುತ್ತದೆ, ಅದನ್ನು ಹೊರಹಾಕಲು ಕೆಲವೊಮ್ಮೆ ಆಗದೆ ತಲೆಕೆಳಗಾಗಿ ತೇಲುತ್ತದೆ.

ಗುಣವಾಗಲು ಎಷ್ಟು ದಿನ?

ಹುಳ ಹೋದ ಮೇಲೆ ಮೈ ತುಂಬಲು ಎರಡು ಮೂರು ವಾರ. ಒಂದೇ ಸಲ ಹೊಟ್ಟೆ ಬಿರಿಯ ತಿನ್ನಿಸದೆ ದಿನಕ್ಕೆ ಮೂರು ಸಲ ಸ್ವಲ್ಪ ಸ್ವಲ್ಪ ಕೊಡಿ. ನೀರು 25–27 ಡಿಗ್ರಿ ಇರಲಿ. ಬೆಂಗಳೂರು, ಮೈಸೂರಿನ ಡಿಸೆಂಬರ್ ರಾತ್ರಿಗಳಲ್ಲಿ ಹೀಟರ್ ಇಲ್ಲದ ಟ್ಯಾಂಕ್ ಇದಕ್ಕಿಂತ ಸಾಕಷ್ಟು ಕೆಳಗಿಳಿಯುತ್ತದೆ. ಎಲ್ಲ ಚಿಕಿತ್ಸೆ ಸರಿಯಾಗಿ ಮುಗಿದು ತಿಂಗಳಾದರೂ ಸೊರಗುತ್ತಲೇ ಇದ್ದರೆ, ಬೆನ್ನು ಬಾಗಿದರೆ, ಮೀನಿನ ಕ್ಷಯ ಇರಬಹುದು. ಅದಕ್ಕೆ ನೆಚ್ಚಬಹುದಾದ ಔಷಧಿ ಇಲ್ಲ, ಅದು ಕೈಯ ಗಾಯದ ಮೂಲಕ ಮನುಷ್ಯರಿಗೂ ಬರುತ್ತದೆ. ಕೈಗವಸು ಹಾಕಿಕೊಳ್ಳಿ.

ಔಷಧಿ ಹಾಕಿದ ನೀರನ್ನು, ಸತ್ತ ಮೀನನ್ನು ಏನು ಮಾಡಬೇಕು?

ನೀರನ್ನು ಶೌಚಾಲಯಕ್ಕೆ ಸುರಿಯಿರಿ. ಕೆರೆ, ಬಾವಿ, ತೆರೆದ ಚರಂಡಿಗೆ ಬೇಡ. ತಿನ್ನುವ ಮೀನು ಸಾಕುವ ಕೊಳದ ಹತ್ತಿರವಂತೂ ಸುಳಿಯಲೇಬಾರದು, ಮೀನು ಸಾಕಣೆಯಲ್ಲಿ ಮೆಟ್ರೊನಿಡಜೋಲ್‌ಗೆ ನಿಷೇಧವಿದೆ. ಬದುಕಿರುವ ಮೀನನ್ನೂ ಹೊಳೆಗೆ ಬಿಡಬೇಡಿ. ಪೀ ಪಫರ್ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಪಟ್ಟಿಯಲ್ಲಿ ಅಪಾಯದ ಅಂಚಿನ ಜೀವಿ, ಟ್ಯಾಂಕಿನ ಹುಳವನ್ನು ಅದರ ತವರಿಗೆ ಹಂಚುವುದು ಬೇಡ. ಸತ್ತ ಪಫರ್ ಅನ್ನು ಬೆಕ್ಕಿಗೆ ಹಾಕಬೇಡಿ, ಪಫರ್ ಕುಲದ ಮೀನುಗಳ ಮೈಯಲ್ಲಿ ವಿಷವಿರುತ್ತದೆ. ಬೆಕ್ಕು ಕೆದಕಲಾರದಷ್ಟು ಆಳಕ್ಕೆ ಗುಂಡಿ ತೋಡಿ ಹೂಳಿ.